ಗೌರಿ ತಿಂದಳೋ ಇಲ್ಲವೋ

ನಮ್ಮ ಮನೆಯ ಟೀವಿ ರಿಮೋಟಿನಲ್ಲಿ ಒಂದು ಗುಂಡಿ ಪೂರ್ತಿ ಸವೆದುಹೋಗಿದೆ. ಅದರ ಮೇಲಿದ್ದ ಬಾಣದ ಗುರುತು ಅಳಿಸಿ, ಬೆರಳಿಟ್ಟರೆ ಜಾರುವಷ್ಟು ನುಣ್ಣಗಾಗಿದೆ. ಚಿತ್ರವನ್ನು ಹಿಂದಕ್ಕೆ ಓಡಿಸುವ ಗುಂಡಿ ಅದು. ಪಕ್ಕದಲ್ಲೇ ಮುಂದಕ್ಕೆ ಓಡಿಸುವ ಗುಂಡಿಯೂ ಇದೆ. ಅದು ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಈಗಲೂ ಹಾಗೇ ಇದೆ. ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗಳು ಸಮು. ಈಗ ಒಂದನೇ ಇಯತ್ತೆ ಓದುತ್ತಾಳೆ. ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆ ಒಗೆದು, ಕೈಕಾಲು ತೊಳೆದ ಶಾಸ್ತ್ರ ಮಾಡಿ, ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂಡುತ್ತಾಳೆ. ಹಚ್ಚುವುದು ಒಂದೇ ಒಂದು ಕಾರ್ಟೂನ್ ಚಿತ್ರ. ಬೇರೆ ಚಿತ್ರ ಹಚ್ಚೋಣ ಎಂದರೆ ಆಸ್ತಿ ಬರೆದುಕೊಡು ಎಂದವರನ್ನು ನೋಡುವ ಹಾಗೆ ನೋಡುತ್ತಾಳೆ.

ಚಿತ್ರದ ಕಥೆ ಹೀಗಿದೆ. ಒಂದು ಗೂಬೆ ಗಾಳಿಮಳೆಗೆ ಸಿಕ್ಕು, ರೆಕ್ಕೆ ಮುರಿದುಕೊಂಡು ಹಳೇ ಮರದ ಬುಡದಲ್ಲಿ ಬೀಳುತ್ತದೆ. ಆ ಮರದ ಪೊಟರೆಯಲ್ಲಿ ಒಂದು ಇಲಿ ವಾಸವಾಗಿದೆ. ನಾವು ನೀವು ಕಂಡ ಗೂಬೆಯಾಗಿದ್ದರೆ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಇಲ್ಲಿ ಇಲಿಯೇ ಗೂಬೆಗೆ ಹಣ್ಣುಹಂಪಲು ತಂದು ಉಣಿಸಿ, ಎಲೆ ಹೊದಿಸಿ ಮಲಗಿಸುತ್ತದೆ. ರೆಕ್ಕೆ ಕೂಡಿಕೊಂಡ ಮೇಲೆ ಗೂಬೆ ಇಲಿಯನ್ನು ಕೊರಳ ಮೇಲೆ ಕೂಡಿಸಿಕೊಂಡು ಕಾಡೆಲ್ಲ ತಿರುಗಾಡಿಸುತ್ತದೆ. ಇಬ್ಬರೂ ಬೆಂಗಳೂರು ಕನ್ನಡ ಮಾತಾಡುತ್ತಾರೆ. ಆ ಚಿತ್ರ ನೋಡಿದ ಮೇಲೆ ಸ್ವಲ್ಪ ಹೊತ್ತು ಸಮುವಿನ ನಾಲಿಗೆಯೂ ಹಾಗೇ ತಿರುಗುತ್ತದೆ. "ಅಜ್ಜಿ, ಊಟ ಕೊಡಿ" ಎನ್ನುತ್ತಾಳೆ. ಮನೆಗೆ ಯಾರೋ ನೆಂಟರು ಬಂದರೇನೋ ಎಂದು ನಾನು ಬಾಗಿಲ ಕಡೆ ನೋಡುತ್ತೇನೆ.

ಮೊದಲ ದಿನ, ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಗೋಡೆಯ ತುಂಬ ಗೂಬೆಯ ಮುಖ ಕಂಡು ನನಗೆ ಎದೆ ಧಸಕ್ಕೆಂದಿತ್ತು. ಅದು ರೂಢಿಯಾಯಿತು. ಆದರೆ ಇನ್ನೊಂದು ಚಿಂತೆ ಹತ್ತಿಕೊಂಡಿತು: ಈ ಗೂಬೆ ದಿನಾ ಏನು ತಿಂದು ಬದುಕಿದೆ? ಚಿತ್ರ ಮಾಡಿದವರು ಜಾಣರು, ರೆಕ್ಕೆ ಕೂಡಿದ ಮೇಲೆ ಅದು ಊಟ ಮಾಡುವುದನ್ನು ಒಂದು ಸಲವೂ ತೋರಿಸುವುದಿಲ್ಲ.

"ಅಜ್ಜಿ, ಅದು ಕಾರ್ಟೂನ್," ಎಂದಳು ಸಮು.

"ಕಾರ್ಟೂನ್ ಆದ್ರೇನವ್ವ, ಹೊಟ್ಟಿ ಇರೂದಿಲ್ಲೇನ ಅದಕ?" ಎಂದೆ.

ಉತ್ತರ ಚಿತ್ರದಲ್ಲೇ ಬರುತ್ತದೆ. ಚಳಿಗಾಲ ಬಂದು, ಕಾಡೆಲ್ಲ ಮಂಜಿನಿಂದ ಮುಚ್ಚಿ, ತಿನ್ನಲು ಒಂದು ಕಾಳೂ ಸಿಗದಂತಾಗುತ್ತದೆ. ಇಲಿ ಸೋತು ಮಲಗಿದೆ. ಗೂಬೆ ಕೊಂಬೆಯ ಮೇಲೆ ಕೂತು ಅದನ್ನೇ ನೋಡುತ್ತದೆ. ಹಿಂದಿನ ಸಂಗೀತ ನಿಂತುಬಿಡುತ್ತದೆ. ಗೂಬೆಯ ಕಣ್ಣು ದೊಡ್ಡದಾಗುತ್ತ, ದೊಡ್ಡದಾಗುತ್ತ ಬರುತ್ತದೆ. ಅಷ್ಟರಲ್ಲಿ ನನಗೆ ಒಲೆಯ ಮೇಲೆ ಏನೋ ಇಟ್ಟ ನೆನಪಾಗುತ್ತದೆ. ಎದ್ದು ಅಡಿಗೆಮನೆಗೆ ಹೋಗುತ್ತೇನೆ. ಅಲ್ಲಿಂದಲೇ "ಏನಾತವ್ವ, ತಿಂತೇನು?" ಎಂದು ಕೂಗುತ್ತೇನೆ. ಸ್ವಲ್ಪ ಹೊತ್ತಿಗೆ ಚಿತ್ರದ ಶುರುವಿನ ಹಾಡು ಮತ್ತೆ ಕೇಳುತ್ತದೆ. ಹುಡುಗಿಗೆ ಮೊದಲಿನ ಭಾಗ ಬಹಳ ಇಷ್ಟ ಎಂದುಕೊಂಡು ನಾನು ಹೊರಗೆ ಬರುತ್ತೇನೆ.

ನೀವು ನಗುತ್ತಿರಬಹುದು. ನಗಿರಿ. ನಮ್ಮ ಮನೆಯವರೆಲ್ಲ ನಕ್ಕು ಮುಗಿದಿದೆ. ನಾನು ಹುಟ್ಟಾ ಅಂಜುಬುರುಕಿ. ಬೈಲಹೊಂಗಲದ ಬಸ್ ಸ್ಟ್ಯಾಂಡಿಗೆ ಬಸ್ಸಿಗಿಂತ ಬಹಳ ಮೊದಲೇ ಹೋಗಿ ಕೂಡುವವಳು ನಾನು. ಬಸ್ಸಿನ ಹಣೆಯ ಮೇಲೆ ಸವದತ್ತಿ ಎಂದು ಬರೆದಿದ್ದರೂ ಡ್ರೈವರನನ್ನು ಕೇಳುತ್ತೇನೆ, ಹತ್ತಿದ ಮೇಲೆ ಕಂಡಕ್ಟರನನ್ನು ಕೇಳುತ್ತೇನೆ, ಕೂತ ಮೇಲೆ ಪಕ್ಕದ ಹೆಣ್ಣುಮಗಳನ್ನೂ ಕೇಳುತ್ತೇನೆ. ಬಾಗಿಲಿಗೆ ಕೀಲಿ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮರಳಿ ಬರುತ್ತೇನೆ. ಕಾದಂಬರಿ ಕೈಗೆ ಬಂದರೆ ಮೊದಲು ಓದುವುದು ಕೊನೆಯ ಪುಟ. ಯಾರೂ ಸಾಯುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮೊದಲನೆಯದು. "ನಿಂದು ಒಲಿ ಮ್ಯಾಲಿನ ಹಾಲಿನಂಥಾ ಜೀವ ಬಿಡ, ಯಾವಾಗ ನೋಡಿದ್ರೂ ಉಕ್ಕಾಕ ತಯಾರ," ಎನ್ನುತ್ತಾರೆ ನಮ್ಮ ಯಜಮಾನರು. ಸಮುವಿಗೆ ನನ್ನ ಮೂಗು ಬಂದಿದೆ ಎಂದು ಬಂದವರೆಲ್ಲ ಹೇಳುತ್ತಾರೆ. ಮೂಗೊಂದೇ ಬಂದರೆ ಸಾಕಪ್ಪ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ.

ಮೊನ್ನೆ ರವಿವಾರ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಮಗ ಸೊಸೆ ಒಂದು ಮದುವೆಗೆ ಹೋಗಿದ್ದರು, ಯಜಮಾನರು ಹೊಲದ ಕಡೆ. ಯಥಾಪ್ರಕಾರ ಗೂಬೆಯ ಕಣ್ಣು ದೊಡ್ಡದಾಯಿತು, ನನಗೆ ಒಲೆ ನೆನಪಾಯಿತು. ಅಡಿಗೆಮನೆಗೆ ಬಂದು ಸುಮ್ಮನೆ ಡಬ್ಬಿಯ ಮುಚ್ಚಳ ತೆಗೆದು ಹಾಕುತ್ತ ನಿಂತಿದ್ದೆ. ತಿರುಗಿ ನೋಡಿದರೆ ಸಮು ಚಿತ್ರ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಿದ್ದಾಳೆ, ಕೈಯಲ್ಲಿ ರಿಮೋಟು.

"ಅಜ್ಜಿ, ಒಲಿ ಮ್ಯಾಲ ಏನೂ ಇಲ್ಲ," ಎಂದಳು.

"ಹೌದಲ್ಲ," ಎಂದೆ.

"ನೀ ಯಾವಾಗ್ಲೂ ಗೂಬಿ ಕಣ್ಣ ದೊಡ್ಡದಾದ ಕೂಡ್ಲೆ ಯಾಕ ಎದ್ದ ಬರತಿ?"

ಪೋಲೀಸರೂ ಹೀಗೆ ಕೇಳಲಿಕ್ಕಿಲ್ಲ. ನಾನು ಅಡಿಗೆಮನೆಯ ಮಣೆ ಎಳೆದುಕೊಂಡು ಕೂತೆ. ಅವಳನ್ನು ಎದುರಿಗೆ ಕೂಡಿಸಿಕೊಂಡು ಗೌರಿಯ ಕಥೆ ಹೇಳಿದೆ. ಅದನ್ನು ನಿಮಗೂ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಮುನವಳ್ಳಿಯಲ್ಲಿ. ಅಪ್ಪನದು ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ಮನೆಯ ಹಿಂದಿನ ಖೋಲಿಯಲ್ಲಿ ಜೋಳದ ಚೀಲಗಳ ಒಟ್ಟಲು ಇರುತ್ತಿತ್ತು. ಜೋಳ ಇದ್ದಲ್ಲಿ ಇಲಿ ಇರಬೇಕು, ಇಲಿ ಇದ್ದಲ್ಲಿ ಬೆಕ್ಕು ಬೇಕು. ಹಾಗೆ ಬಂದವಳು ಗೌರಿ. ಬೂದಿ ಬಣ್ಣ, ಕೊರಳ ಕೆಳಗೆ ಬಿಳಿ. ನನ್ನ ಹೆಸರು ಗಿರಿಜಾ. "ಗಿರಿಜಾ" ಎಂದು ಕರೆದರೂ "ಗೌರಿ" ಎಂದು ಕರೆದರೂ ಅಡಿಗೆಮನೆಗೆ ಇಬ್ಬರೂ ಓಡಿ ಬರುತ್ತಿದ್ದೆವು.

ಅಪ್ಪನ ತಾಯಿಗೆ ನಾವು ಆಯಿ ಎನ್ನುತ್ತಿದ್ದೆವು. ಆಯಿ ಬಹಳ ಮಡಿವಂತೆ. ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಕುಡಿದವಳಲ್ಲ. ಪೂಜೆ ಮುಗಿಸಿ ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡ ಕೈಯಿಂದಲೇ ನನ್ನ ಹಣೆಗೆ ಹಚ್ಚುತ್ತಿದ್ದಳು. ಸೋಮವಾರ ಗೌರಿಯ ಹಣೆಗೂ ಹಚ್ಚುತ್ತಿದ್ದಳು. ಗೌರಿ ಕಣ್ಣು ಮುಚ್ಚಿ ಹಚ್ಚಿಸಿಕೊಳ್ಳುತ್ತಿದ್ದಳು. ಆಯಿಯ ಗಟ್ಟಿ ನಂಬಿಕೆ ಏನೆಂದರೆ, ನಮ್ಮ ಮನೆಯ ಅನ್ನ ಉಂಡ ಬೆಕ್ಕು ನಮ್ಮ ಹಾಗೇ ಇರುತ್ತದೆ. "ನಮ್ಮ ಗೌರಿ ಹಾಲು ರೊಟ್ಟಿ ಬಿಟ್ಟ ಬ್ಯಾರೇದು ಮುಟ್ಟಾಕಿ ಅಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

"ಮತ್ತ ಇಲಿ?" ಎಂದು ಯಾರಾದರೂ ಕೇಳಿದರೆ, "ಹಿಡೀತಾಳ ಖರೆ. ಅಂಗಡಿ ಕೆಲಸಾ ಅಂತ ಹಿಡೀತಾಳ. ತಿನ್ನಾಕಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಇಡೀ ಮನೆ ಅದನ್ನು ನಂಬಿತ್ತೋ, ಆಯಿಗೆ ಎದುರಾಡಲಾರದೆ ಸುಮ್ಮನಿತ್ತೋ, ತಿಳಿಯದು. ನಾನಂತೂ ನಂಬಿದ್ದೆ. ಒಂದು ದಿನ ಚೀಲಗಳ ಸಂದಿಯಲ್ಲಿ ನನಗೆ ಬರೀ ಒಂದು ಬಾಲ ಕಂಡಿತು. ಇಲಿಯದು. ಬಾಲದ ಮುಂದೆ ಇಲಿ ಇರಲಿಲ್ಲ. ಗೌರಿ ಪಕ್ಕದಲ್ಲೇ ಕೂತು, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ ಮುಂಗಾಲು ನೆಕ್ಕುತ್ತಿದ್ದಳು. ಅವತ್ತಿನಿಂದ ನನ್ನ ಹೊಟ್ಟೆಯೊಳಗೆ ಒಂದು ಭಯ ಮನೆ ಮಾಡಿತು. ಯಾರಿಗೂ ಹೇಳುವ ಹಾಗಿರಲಿಲ್ಲ.

ನಮ್ಮ ಹಿತ್ತಲಿಗೂ ರತ್ನವ್ವನವರ ಹಿತ್ತಲಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಅವರ ಗಂಡ ಕರೆಂಟಿನ ಲೈನ್‌ಮನ್. ರತ್ನವ್ವ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದರು. ಅವರ ಪಡಸಾಲೆಯಲ್ಲಿ ಬುದ್ಧನ ಪಟ ಇತ್ತು. ನಮ್ಮ ಓಣಿಯವರು ಅವರ ಹತ್ತಿರ ಬ್ಲೌಸು ಹೊಲಿಸುತ್ತಿದ್ದರು, ಕರೆಂಟು ಹೋದರೆ ಅವರ ಬಾಗಿಲಿಗೇ ಓಡುತ್ತಿದ್ದರು, ಆದರೆ ಮಾತೆಲ್ಲ ಕಟ್ಟೆಯ ಮೇಲೇ. ಒಳಗೆ ಹೋಗುತ್ತಿರಲಿಲ್ಲ. ಯಾಕೆ ಎಂದು ರತ್ನವ್ವ ಕೇಳುತ್ತಿರಲಿಲ್ಲ. ಅವರ ಕಿರಿಯ ಮಗಳು ಸುಜಾತಾ ನನ್ನ ಇಯತ್ತೆಯವಳು. ನಾನು ಆ ಮನೆಯ ಒಳಗೆ ಹೋಗುತ್ತಿದ್ದೆ, ಪಡಸಾಲೆಯ ತನಕವಲ್ಲ, ಒಲೆಯ ತನಕ. ಹೋಗಬೇಡ ಎಂದು ಆಯಿ ಯಾವತ್ತೂ ಹೇಳಲಿಲ್ಲ. ಹೋಗು ಎಂದೂ ಹೇಳಲಿಲ್ಲ. ನಾನು ಗೋಡೆಯ ಮುರಿದ ಜಾಗದಿಂದ ಆಚೆ ಜಿಗಿಯುವಾಗ ಆಯಿ ಸರಿಯಾಗಿ ಆಗಲೇ ಜೋಳ ಹಸನು ಮಾಡುವುದರಲ್ಲಿ ತಲೆ ತಗ್ಗಿಸಿರುತ್ತಿದ್ದಳು.

ರತ್ನವ್ವ ಕೋಳಿ ಸಾಕಿದ್ದರು. ಗೋಡೆಯ ಬುಡದಲ್ಲಿ ಬಚ್ಚಲ ನೀರು ಹೋಗುವ ಒಂದು ಕಿಂಡಿ ಇತ್ತು. ಒಂದು ಸಲ ತಾಯಿಯ ಹಿಂಡಿನಿಂದ ತಪ್ಪಿಸಿಕೊಂಡ ಒಂದು ಮರಿ ಆ ಕಿಂಡಿಯಿಂದ ತೂರಿ ನಮ್ಮ ಹಿತ್ತಲಿಗೆ ಬಂತು. ನಾನು ಶಾಲೆಯಿಂದ ಬಂದು ನೋಡುತ್ತೇನೆ, ಬಿಸಿಲಲ್ಲಿ ಗೋಣಿತಟ್ಟಿನ ಮೇಲೆ ಗೌರಿ ಮಲಗಿದ್ದಾಳೆ, ಅವಳ ಗದ್ದದ ಕೆಳಗೆ, ಆ ಬಿಳಿ ಕೂದಲಿನಲ್ಲಿ ಹುದುಗಿಕೊಂಡು ಮರಿ ಮಲಗಿದೆ. ನಾನು ಕಿರುಚಿದ ರಭಸಕ್ಕೆ ಆಯಿ ಜಪ ಬಿಟ್ಟು ಓಡಿ ಬಂದಳು. ಗೌರಿ ಒಂದು ಕಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿಕೊಂಡಳು.

"ನೋಡ್ರಿ ನಮ್ಮ ಮನಿ ಸಂಸ್ಕಾರ!" ಎಂದಳು ಆಯಿ.

"ಹೊಟ್ಟಿ ತುಂಬೇತಿ ಅದರದು, ಅದಕ ಸುಮ್ಮ ಐತಿ," ಎಂದು ಅವ್ವ ಒಳಗಿನಿಂದ ಹೇಳಿದಳು. ಅವ್ವನ ಮಾತು ಆಯಿಗೆ ಕೇಳಲಿಲ್ಲ. ನನಗೆ ಕೇಳಿತು.

ಮರಿ ದಿನಾ ಬರತೊಡಗಿತು. ರತ್ನವ್ವ ಕಿಂಡಿಗೆ ಕಲ್ಲು ಇಟ್ಟರೆ ಗೋಡೆಯ ಮುರುಕಿನಿಂದ ಬಂತು. ಕೊನೆಗೆ ಅವರೂ ಸೋತು, ಒಂದು ಸಂಜೆ ಗೋಡೆಯ ಆಚೆಯಿಂದ ಆಯಿಗೆ ಹೇಳಿದರು: "ಏನ್ ಮಾಡೂದ್ರೀ ಅಮ್ಮಾರ, ನಮ್ಮ ಮರಿಗೆ ನಿಮ್ಮ ಬೆಕ್ಕಿನ ಹುಚ್ಚ ಹಿಡದೈತಿ. ಏನರ ಆತಂದ್ರ ಮತ್ತ ನಮಗ ನಿಮಗ ಮಾತ ಬರಬಾರದು."

ಆಯಿಯ ಅಭಿಮಾನಕ್ಕೆ ಪೆಟ್ಟಾಯಿತು. "ರತ್ನವ್ವಾ, ನಮ್ಮ ಗೌರಿ ಆ ಮರಿಗೆ ಹಲ್ಲ ಹಚ್ಚಿದ್ರ ಆಕೀನ್ನ ಚೀಲದಾಗ ಹಾಕಿ ಹೊಳಿ ಆಚಿ ಬಿಟ್ಟ ಬರತೇನಿ. ಇದು ನನ್ನ ಮಾತ," ಎಂದಳು.

ಆಯಿ ಮಾತು ಕೊಟ್ಟರೆ ಮುಗಿಯಿತು. ಹಿಂದೊಂದು ಬೆಕ್ಕನ್ನು ಹೀಗೇ ಜೋಳದ ಚೀಲದಲ್ಲಿ ಕಟ್ಟಿ ಮಲಪ್ರಭೆಯ ಆಚೆ ದಂಡೆಗೆ ಬಿಟ್ಟು ಬಂದ ಕಥೆ ನನಗೆ ಗೊತ್ತಿತ್ತು. ಈಗ ಕಾಯಬೇಕಾದ ಜೀವ ಎರಡಾದವು: ಬೆಕ್ಕು ತಿಂದರೆ ಮರಿ ಹೋಗುತ್ತದೆ, ಮರಿ ಹೋದರೆ ಬೆಕ್ಕೂ ಹೋಗುತ್ತದೆ. ಬಾಲದ ಗುಟ್ಟು ನನಗೊಬ್ಬಳಿಗೇ ಗೊತ್ತು. ನನಗೆ ನಿದ್ದೆ ಹತ್ತದಾಯಿತು.

ಅವ್ವನ ಮಾತು ಹಿಡಿದು ನಾನು ಒಂದು ಉಪಾಯ ಮಾಡಿದೆ. ಗೌರಿಯ ಹೊಟ್ಟೆ ಖಾಲಿಯಾಗದಂತೆ ನೋಡಿಕೊಳ್ಳುವುದು. ನನ್ನ ಪಾಲಿನ ಹಾಲು, ಮೊಸರು, ತುಪ್ಪ ಸವರಿದ ರೊಟ್ಟಿ ಎಲ್ಲ ಅವಳಿಗೆ. ನಾನು ಸೊರಗಿದೆ, ಗೌರಿ ದುಂಡಗಾದಳು. "ಹುಡುಗಿಗಿ ಏನಾಗೇತಿ, ತಿಂದದ್ದು ಮೈಗೆ ಹತ್ತವಲ್ದು" ಎಂದು ಅವ್ವ ನನ್ನನ್ನು ದವಾಖಾನೆಗೆ ಕರೆದೊಯ್ದು ಟಾನಿಕ್ಕು ಬರೆಸಿಕೊಂಡು ಬಂದಳು. ಅದು ಸಿಹಿಯಾಗಿತ್ತು. ಅದನ್ನೂ ಗೌರಿಗೆ ಕುಡಿಸಬೇಕೆಂದು ನೋಡಿದೆ, ಅವಳು ಒಲ್ಲೆ ಎಂದಳು.

ಮರಿಗೆ ಸುಜಾತಾ ರಾಜಾ ಎಂದು ಹೆಸರಿಟ್ಟಳು. ರಾಜಾ ಗೌರಿಯ ತಟ್ಟೆಯಿಂದಲೇ ರೊಟ್ಟಿಯ ಚೂರು ಕುಕ್ಕುತ್ತಿತ್ತು; ಅದು ಮುಗಿಯುವ ತನಕ ಗೌರಿ ಕಾಯುತ್ತಿದ್ದಳು. ಬಾಲ ಕುಕ್ಕಿದರೆ ಬಾಲ ಸರಿಸುತ್ತಿದ್ದಳು. ನೋಡಿದವರಿಗೆಲ್ಲ ಕಣ್ಣು ತಂಪಾಗುತ್ತಿತ್ತು, ನನಗೆ ಮಾತ್ರ ಕೈ ತಣ್ಣಗಾಗುತ್ತಿತ್ತು. ಒಮ್ಮೊಮ್ಮೆ ಗೌರಿ ರಾಜಾನ ನೆತ್ತಿಯನ್ನು ನೆಕ್ಕುತ್ತಿದ್ದಳು. ಅದು ಪ್ರೀತಿಗೋ, ರುಚಿ ನೋಡಲಿಕ್ಕೋ? ಈ ಪ್ರಶ್ನೆಯನ್ನು ನಾನು ಯಾರನ್ನು ಕೇಳಲಿ? ಬೆಕ್ಕಿನ ಮುಖದಲ್ಲಿ ಎರಡಕ್ಕೂ ಒಂದೇ ಭಾವ.

ಮರಿ ಬೆಳೆದು ತಲೆಯ ಮೇಲೆ ಕೆಂಪು ಜುಟ್ಟು ಚಿಗುರುವ ಹೊತ್ತಿಗೆ ರಾಮದುರ್ಗದಲ್ಲಿ ನಮ್ಮ ಮಾಮಾನ ಹೆಂಡತಿಯ ಕುಬಸದ ಕಾರ್ಯ ಬಂತು. ಅವ್ವನ ಜೊತೆ ನಾನೂ ಹೋಗಬೇಕಾಯಿತು. ಹೊರಡುವ ಮುಂಚೆ ಗೋಡೆಯ ಮೇಲೆ ಹತ್ತಿ ಸುಜಾತಾಳಿಗೆ ಹೇಳಿದೆ, "ಗೌರಿಗೆ ಹಸಿವಾಗಾಕ ಬಿಡಬ್ಯಾಡ." ಅವಳು ಬುದ್ಧನ ಆಣೆ ಹಾಕಿದಳು. ರಾಮದುರ್ಗದಲ್ಲಿ ಓಣಿಯ ತುಂಬ ಮಗ್ಗದ ಸದ್ದು. ಕಟಕ್ ಕಟಕ್ ಎನ್ನುವ ಆ ಸದ್ದು ನನ್ನ ಕಿವಿಗೆ ಯಾರೋ ಎಲುಬು ಕಡಿದಂತೆ ಕೇಳುತ್ತಿತ್ತು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಬಸುರಿ ಮಾಮಿಗಿಂತ ನಾನೇ ಹೆಚ್ಚು ಸಂಕಟಪಟ್ಟೆ ಎಂದು ಅಲ್ಲಿಯ ಹೆಂಗಸರು ನಕ್ಕರು.

ಮರಳಿ ಮುನವಳ್ಳಿಗೆ ಬಂದು ಚಪ್ಪಲಿ ಬಿಡದೆ ಹಿತ್ತಲಿಗೆ ಓಡಿದೆ. ಗೌರಿ ಗೋಡೆಯ ಮೇಲೆ ಆಚೆ ಮುಖ ಮಾಡಿ ಕೂತಿದ್ದಳು. ರಾಜಾ ಇರಲಿಲ್ಲ. ಆಚೆ ಸುಜಾತಾ ಬಟ್ಟೆ ಒಣಹಾಕುತ್ತಿದ್ದವಳು ನನ್ನನ್ನು ಕಂಡು ಮುಖ ತಿರುಗಿಸಿದಳು.

"ರಾಜಾ ಎಲ್ಲಿ?"

"ಸಂಪಗಾವಿಗೆ ಹೋಗೇತಿ. ನಮ್ಮ ಮಾಮಾ ಒಯ್ದಾನ," ಎಂದು ಪಾಠ ಒಪ್ಪಿಸಿದವಳಂತೆ ಹೇಳಿ ಒಳಗೆ ಹೋದಳು.

ನಾನೇನು ಕೂಸೇ? ಜೋಳದ ಚೀಲಗಳ ಹತ್ತಿರ ಹೋಗಿ ಹುಡುಕಿದೆ. ಗೋಣಿತಟ್ಟಿನ ಮೇಲೆ ಒಂದು ಕೆಂಪು ಪುಕ್ಕ ಸಿಕ್ಕಿತು. ರಾಜಾ ಅಲ್ಲಿ ದಿನಾ ಮಲಗುತ್ತಿದ್ದದ್ದು ನಿಜ, ಪುಕ್ಕ ಉದುರುವುದೂ ಸಹಜ. ಆದರೆ ಭಯಕ್ಕೆ ಇಂಥ ವಿಚಾರ ಹೊಳೆಯುವುದಿಲ್ಲ. ಗೌರಿ ತಿಂದಿದ್ದಾಳೆ. ಅವಳು ಚೀಲಕ್ಕೆ ಹೋಗಬಾರದೆಂದು ಎಲ್ಲರೂ ಸೇರಿ ಮುಚ್ಚುತ್ತಿದ್ದಾರೆ. ನಾನು ಹೆಚ್ಚು ಕೇಳಿದರೆ ವಿಷಯ ಹೊರಬಿದ್ದು, ಆಯಿ ತನ್ನ ಮಾತು ಉಳಿಸಿಕೊಳ್ಳಬೇಕಾಗುತ್ತದೆ. ಪುಕ್ಕವನ್ನು ಬಚ್ಚಲೊಲೆಗೆ ಹಾಕಿ ಸುಮ್ಮನಾದೆ.

ಆಮೇಲೆ ಬಹಳ ದಿನ ಗೌರಿ ಸಂಜೆಯಾದರೆ ಆ ಗೋಡೆ ಹತ್ತಿ ಆಚೆ ನೋಡುತ್ತ ಕೂಡುತ್ತಿದ್ದಳು. ಇನ್ನೊಂದು ಮರಿಗೆ ಹೊಂಚು ಹಾಕಿದ್ದಾಳೆ ಎಂದು ನಾನು ನಡುಗುತ್ತಿದ್ದೆ. ಆಯಿ ತಟ್ಟೆಯಲ್ಲಿ ಹಾಲು ತಂದು ಹಿತ್ತಲ ಮೆಟ್ಟಿಲ ಮೇಲೆ ಇಟ್ಟು, ಅವಳನ್ನು ಕರೆದು, ಬೆನ್ನ ಮೇಲೆ ಕೈಯಾಡಿಸುತ್ತ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ನನಗೆ ಕೇಳಿಸುತ್ತಿರಲಿಲ್ಲ. ಮತ್ತೆ ಹಾಗೆ ಮಾಡಬೇಡ ಎಂದು ಬುದ್ಧಿ ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಗೌರಿ ಬಹಳ ವರ್ಷ ಬದುಕಿ, ಮುದುಕಿಯಾಗಿ, ಅದೇ ಗೋಣಿತಟ್ಟಿನ ಮೇಲೆ ಸತ್ತಳು. ಅವತ್ತು ನಾನು ಅತ್ತೆ. ಅಳುವಾಗಲೂ ಅನುಮಾನ ಹೋಗಿರಲಿಲ್ಲ.

ಸುಜಾತಾ ಮುಂದೆ ನರ್ಸ್ ಆದಳು. ಈಗ ನಿವೃತ್ತಿಯಾಗಿ ಸವದತ್ತಿಯಲ್ಲಿದ್ದಾಳೆ. ವಾರಕ್ಕೊಮ್ಮೆಯಾದರೂ ನಾವು ಫೋನಿನಲ್ಲಿ ಮಾತಾಡದೆ ಇರುವುದಿಲ್ಲ. ಮೊಣಕಾಲು ನೋವು, ಸೊಸೆಯರು, ಸಕ್ಕರೆ ಕಾಯಿಲೆ, ಎಲ್ಲ ಮಾತಾಡುತ್ತೇವೆ. ರಾಜಾನ ಮಾತು ಮಾತ್ರ ಇಲ್ಲ. ಒಮ್ಮೆ ಇಬ್ಬರೂ ಕೂಡಿ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ "ಸಂಪಗಾಂವ, ಸಂಪಗಾಂವ" ಎಂದು ಕೂಗಿದ. ಅಲ್ಲಿಯವರೆಗೆ ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದವರು ಇಬ್ಬರೂ ಗಪ್ಪಾಗಿ, ನಾನು ಈ ಕಿಟಕಿ, ಅವಳು ಆ ಕಿಟಕಿ ನೋಡುತ್ತ ಕೂತೆವು.

ಇಷ್ಟು ಹೇಳಿ ನಾನು ನಿಲ್ಲಿಸಿದೆ. ಸಮು ಬಾಯಿ ತೆರೆದು ಕೂತಿದ್ದಳು.

"ಹಂಗಾದ್ರ ಗೌರಿ ತಿಂದಳೋ ಇಲ್ಲೋ?"

"ಗೊತ್ತಿಲ್ಲವ್ವ."

"ಸುಜಾತಾ ಅಜ್ಜೀನ್ನ ಕೇಳಲಿಲ್ಲೇನ?"

"ಇಲ್ಲ."

"ಯಾಕ?"

ಕೇಳಿದರೆ ಗೌರಿ ತಿಂದಳು ಎಂದುಬಿಟ್ಟರೆ? ಅದನ್ನು ಮಗುವಿಗೆ ಹೇಗೆ ಹೇಳುವುದು? ನಾನು ಮತ್ತೊಂದು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಸಮು ಹೋಗಿ ನನ್ನ ಫೋನು ತಂದು, ಫೋಟೋ ನೋಡಿ ಸುಜಾತಾಳ ಹೆಸರು ಒತ್ತಿ, ಸ್ಪೀಕರ್ ಹಚ್ಚಿ ನನ್ನ ತೊಡೆಯ ಮೇಲೆ ಇಟ್ಟಳು. ರಿಂಗಾಗತೊಡಗಿತು. ಎತ್ತದಿರಲಿ, ಎತ್ತದಿರಲಿ ಎಂದು ನಾನು ಬೇಡಿಕೊಂಡೆ. ಎತ್ತಿದಳು.

"ಸುಜಾತಾ, ನಮ್ಮ ಸಮು ಏನೋ ಕೇಳಬೇಕಂತ," ಎಂದು ಎಲ್ಲವನ್ನೂ ಆರು ವರ್ಷದ ಹುಡುಗಿಯ ಮೇಲೆ ಹಾಕಿದೆ.

"ಕೇಳ ನನ ಬಂಗಾರ."

"ಅಜ್ಜಿ, ರಾಜಾ ಎಲ್ಲಿ ಹೋತು?"

"ಯಾವ ರಾಜಾನವ್ವ?"

"ನಿಮ್ಮ ಮನಿ ಕೋಳಿ. ಗೌರಿ ತಿಂದಳೇನು?"

ಆಚೆಯಿಂದ ಯಾರದೋ ಮನೆಯ ಕುಕ್ಕರು ಸೀಟಿ ಹೊಡೆದದ್ದು ಕೇಳಿತು. ಕಡೆಗೆ ಸುಜಾತಾ, "ಗಿರಿಜಾ, ಇಷ್ಟ ವರ್ಷ ನೀ ಗೌರಿ ತಿಂದಾಳಂತ ತಿಳಕೊಂಡೀಯೇನ?" ಎಂದಳು.

"ಮತ್ತ?"

"ಪಾಪ, ಆಕೀ ಯಾಕ ತಿಂತಾಳ? ನಾವು ತಿಂದ್ವಿ."

ಆಮೇಲೆ ತಡೆಯಿಲ್ಲದೆ ಹೇಳಿದಳು. ನಾನು ರಾಮದುರ್ಗದಲ್ಲಿದ್ದಾಗ ಅವಳ ಅಕ್ಕನನ್ನು ನೋಡಲು ಸಂಪಗಾವಿಯಿಂದ ಗಂಡಿನ ಕಡೆಯವರು ಹೇಳದೆ ಕೇಳದೆ ಬಂದಿಳಿದರಂತೆ. ಮೊಟ್ಟೆಗೆ ಕೂತ ಕೋಳಿಗಳನ್ನು ಮುಟ್ಟುವ ಹಾಗಿಲ್ಲ. ಇದ್ದದ್ದು ರಾಜಾ ಒಂದೇ. "ಸಂಪಗಾವಿಗೆ ಹೋಗೇತಿ ಅಂದದ್ದು ಪೂರಾ ಸುಳ್ಳಲ್ಲ ಬಿಡ. ಅವರ ಹೊಟ್ಟ್ಯಾಗ ಹೋತು," ಎಂದಳು.

"ನೀನೂ ತಿಂದೇನ?"

"ತಿಂದೆ. ಅಳಕೋತ ತಿಂದೆ. ರುಚೀನೂ ಇತ್ತು, ಏನ ಮಾಡ್ಲಿ."

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ನನಗ ಹೇಳಬಾರದೇನ? ನಾನೇನ ಹೊಡೀತಿದ್ನೇನ?" ಎಂದೆ.

"ಹೊಡದಿದ್ರ ಛಲೋ ಆಗತಿತ್ತ. ಬರೂದ ಬಿಡತೀ ಅಂತ ಅಂಜಿಕಿ ನಮಗ. ಆ ಓಣ್ಯಾಗಿಂದ ನಮ್ಮ ಮನಿ ಒಳಗ ಬರಾಕಿ ನೀ ಒಬ್ಬಾಕೀನ ಅಲಾ ಗಿರಿಜಾ."

ಅವಳೇ ಮುಂದುವರಿಸಿದಳು. "ಅವ್ವ ಒಲಿ ಮುಂದ ತಲಿಗೆ ಕೈ ಹಚ್ಚಿ ಕುಂತಿದ್ಲು, ಹುಡುಗಿಗೆ ಏನ ಹೇಳೂದಂತ. ನಿಮ್ಮ ಆಯಿಗೆ ವಾಸನಿ ಬಡದಿತ್ತ ಕಾಣತೈತಿ. ಗ್ವಾಡಿ ಮ್ಯಾಲಿಂದ ಬಗ್ಗಿ, 'ರತ್ನವ್ವಾ, ನಮ್ಮ ಗಿರಿಜಾಗ ತಿಳೀಬಾರದು. ಮಾಮಾ ಸಂಪಗಾವಿಗೆ ಒಯ್ದಾನ ಅಂತ ಹೇಳ್ರಿ. ಹುಡುಗರು ಕೂಡಿ ಆಡತಾವ, ಆಡ್ಲಿ,' ಅಂದ್ಲು. ಆ ಸುಳ್ಳ ನಮ್ಮದಲ್ಲ, ನಿಮ್ಮ ಆಯೀದು."

ಆಯಿ! ಒಂದು ಗುಟುಕು ನೀರಿಗೂ ಮಡಿ ನೋಡುತ್ತಿದ್ದವಳು, ಕೊಟ್ಟ ಮಾತಿಗೆ ಬೆಕ್ಕನ್ನು ಹೊಳೆ ದಾಟಿಸುತ್ತಿದ್ದವಳು, ಆ ಮನೆಯ ಒಲೆಯ ವಾಸನೆ ಹಿಡಿದು ನಿಂತು, ಗೋಡೆಯ ಮೇಲಿಂದ ಬಗ್ಗಿ ಆ ಮನೆಗೊಂದು ಸುಳ್ಳು ಕೊಟ್ಟಿದ್ದಳು. ನಾನು ಹಾಲು ಮೊಸರು ಬಿಟ್ಟು ಬೆಕ್ಕಿನ ಬಾಯಿ ಕಾಯುತ್ತಿದ್ದೆ. ಕಳೆದುಹೋಗಬಹುದಾಗಿದ್ದದ್ದು ಸುಜಾತಾ. ಅದನ್ನು ಕಾಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಗೋಡೆಯ ಎರಡೂ ಕಡೆ ಇಬ್ಬರು ಹೆಂಗಸರು ಅದನ್ನು ಕಾದಿದ್ದರು.

"ಬರೂ ವಾರ ಬಾ," ಎಂದೆ ಸುಜಾತಾಳಿಗೆ.

"ಬರತೇನಿ. ಮತ್ತ ಬಸ್ಸಿನ್ಯಾಗ ಮೂರ ಮಂದೀನ್ನ ಕೇಳೆ ಹತ್ತತೇನಿ, ಚಿಂತಿ ಮಾಡಬ್ಯಾಡ," ಎಂದು ನಕ್ಕು ಫೋನಿಟ್ಟಳು.

ಸಮು ಯೋಚನೆ ಮಾಡುತ್ತ ಕೂತಿದ್ದಳು. ಕೋಳಿಯನ್ನು ತಿಂದದ್ದಕ್ಕೆ ಅಳುತ್ತಾಳೇನೋ ಎಂದು ನಾನು ಅವಳ ಮುಖವನ್ನೇ ನೋಡಿದೆ. ಅವಳ ಚಿಂತೆ ಬೇರೆ.

"ಅಜ್ಜಿ, ಗೌರಿಗೆ ಯಾರ ಹೇಳಿದ್ರು?"

ಗೌರಿ ಗೋಡೆಯ ಮೇಲೆ ಕೂತು ಹೊಂಚು ಹಾಕಿರಲಿಲ್ಲ. ಕಾಯುತ್ತಿದ್ದಳು. ಮೆಟ್ಟಿಲ ಮೇಲೆ ಹಾಲಿನ ತಟ್ಟೆ ಇಟ್ಟುಕೊಂಡು, ಬೆನ್ನ ಮೇಲೆ ಕೈಯಾಡಿಸುತ್ತ, ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ ಆಯಿ ಕಣ್ಣಿಗೆ ಕಟ್ಟಿದಂತಾಯಿತು.

"ಆಯಿ ಹೇಳಿದ್ಲವ್ವ. ದಿನಾ ಹೇಳತಿದ್ಲು," ಎಂದೆ.

ಸಮು ನನ್ನ ಕೈ ಹಿಡಿದು ಎಬ್ಬಿಸಿ ಟೀವಿಯ ಮುಂದೆ ಕರೆದುಕೊಂಡು ಬಂದಳು. ಗೂಬೆ ಕೊಂಬೆಯ ಮೇಲೆ ಕಣ್ಣು ಅಗಲಿಸಿಕೊಂಡು ಹಾಗೇ ನಿಂತಿತ್ತು. ಕೆಳಗೆ ಇಲಿ ಮಲಗಿತ್ತು. ಅವಳು ನನ್ನ ತೊಡೆ ಏರಿ ಕೂತು ರಿಮೋಟು ಎತ್ತಿದಳು. ಹೆಬ್ಬೆರಳು ತಾನಾಗಿ ಆ ಸವೆದ ಗುಂಡಿಯ ಮೇಲೆ ಹೋಯಿತು.

"ಹಿಂದಕ ಬ್ಯಾಡವ್ವ," ಎಂದೆ. "ಇವತ್ತ ಮುಂದ ನೋಡೂಣು. ಮುಂದ ಏನಾಗತೈತಿ? ನಿನಗ ಗೊತ್ತ ಐತಲಾ?"

ಸಮು ಆ ಸವೆದ ಗುಂಡಿಯನ್ನೇ ಸವರುತ್ತ ಕೂತಳು.

"ಇಷ್ಟ ಸಲ ನೋಡೀದಿ?"

"ಇಲ್ಲೀ ಮಟಾ ಅಷ್ಟ," ಎಂದಳು ಬಹಳ ಸಣ್ಣ ದನಿಯಲ್ಲಿ.

ನಾನು ಅವಳ ಬೆರಳನ್ನು ಮೆಲ್ಲಗೆ ಸರಿಸಿ ಪಕ್ಕದ ಗುಂಡಿಯ ಮೇಲೆ ಇಟ್ಟೆ. ಅವಳ ಬೆನ್ನು ನನ್ನ ಎದೆಗೆ ಆತಿತ್ತು; ಹೊಡೆದುಕೊಳ್ಳುತ್ತಿದ್ದದ್ದು ಅವಳದೋ ನನ್ನದೋ ತಿಳಿಯಲಿಲ್ಲ.

"ಅಜ್ಜಿ, ಎದ್ದ ಹೋಗಬ್ಯಾಡ ಮತ್ತ."

"ಇಲ್ಲವ್ವ, ಹೋಗೂದಿಲ್ಲ," ಎಂದೆ. ಇಬ್ಬರೂ ಕೂಡಿ ಗುಂಡಿ ಒತ್ತಿದೆವು.